ಕಾಣದ ಮೀನೆಲ್ಲ ಸತ್ತ ಮೀನಲ್ಲ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಪಶ್ಚಿಮ ಭಾಗದಲ್ಲಿ ವೇಟ್ಲಿ ಎಂಬ ಊರಿದೆ. ಅಲ್ಲಿನ ಕಾಡಿನೊಳಗೆ ಹರಿಯುವ ವೆಸ್ಟ್ ಬ್ರುಕ್ ಇಳಿದು ನಡೆದಾಡಬಹುದಾದಷ್ಟು ಚಿಕ್ಕ ತೊರೆ. ಜಗತ್ತಿನ ಮೀನುವಿಜ್ಞಾನಿಗಳಿಗೆ ಅದರ ಹೆಸರು ಗೊತ್ತಿರಲು ಒಂದು ಕಾರಣವಿದೆ. 1997ರಿಂದ ಆ ತೊರೆಯಲ್ಲಿ ಕೈಗೆ ಸಿಕ್ಕಿದ ಟ್ರೌಟ್ ಮೀನುಗಳಿಗೆ, ಅವು ಸುಮಾರು 60 ಮಿಲಿಮೀಟರಿಗಿಂತ ಉದ್ದವಿದ್ದರೆ, ಒಂದೊಂದಕ್ಕೂ ಒಂದು ನಂಬರು ಕೊಡುತ್ತ ಬಂದಿದ್ದಾರೆ. ಬೆನ್ ಲೆಚರ್ ಎಂಬ ವಿಜ್ಞಾನಿ ಮತ್ತು ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆಯ ಅವರ ಸಹೋದ್ಯೋಗಿಗಳು ಸುಮಾರು ಒಂದು ಕಿಲೋಮೀಟರ್ ಉದ್ದದ ಹರಿವನ್ನು 20 ಮೀಟರಿನ ತುಂಡುಗಳಾಗಿ ಗುರುತಿಸಿಕೊಂಡು, ಋತುವಿಗೊಮ್ಮೆ ನೀರಿಗಿಳಿದು ಅಲ್ಲಿನ ಮೀನುಗಳನ್ನು ಹಿಡಿದು, ಅಳೆದು, ತೂಗಿ, ಮತ್ತೆ ಅಲ್ಲಿಯೇ ಬಿಟ್ಟಿದ್ದಾರೆ.

ಇಷ್ಟೆಲ್ಲ ಶ್ರಮ ಒಂದು ಸರಳ ಪ್ರಶ್ನೆಗೆ ಉತ್ತರ ಹುಡುಕಲು: ಈ ಬೇಸಿಗೆಯಲ್ಲಿದ್ದ ನೂರು ಮೀನುಗಳಲ್ಲಿ ಮುಂದಿನ ಬೇಸಿಗೆಗೆ ಎಷ್ಟು ಬದುಕಿರುತ್ತವೆ?

ಈ ಉತ್ತರ ಇಲ್ಲದೆ ಒಂದು ತೊರೆಯ ಆರೋಗ್ಯದ ಬಗ್ಗೆ ಏನು ಹೇಳಿದರೂ ಅದು ಊಹೆಯೇ. ಈ ವರ್ಷ ಇನ್ನೂರು ಮೀನು ಕಂಡವು, ಕಳೆದ ವರ್ಷ ಮುನ್ನೂರು ಕಂಡಿದ್ದವು ಎಂದು ವರದಿ ಬಂದರೆ ನಾವು ತಕ್ಷಣ ನೂರು ಸತ್ತವು ಎಂದುಕೊಳ್ಳುತ್ತೇವೆ. ಸತ್ತಿರಬಹುದು. ಮೇಲಿನ ಝರಿಗೆ ಹತ್ತಿಹೋಗಿರಬಹುದು. ಈ ವರ್ಷ ನೀರು ಜಾಸ್ತಿಯಿದ್ದು, ಬಂಡೆಯಡಿ ಅಡಗಿದ ಮೀನು ಬಲೆಗೆ ಬೀಳದೆ ಇದ್ದಿರಬಹುದು. ಮೂರಕ್ಕೂ ಪರಿಹಾರ ಬೇರೆ ಬೇರೆ. ಮೂರನೆಯದಕ್ಕಂತೂ ಪರಿಹಾರವೇ ಬೇಡ. ಹಿಡಿತಕ್ಕೆ ಸಿಗದಿರುವುದನ್ನೂ ಸಾವನ್ನೂ ಬೇರ್ಪಡಿಸುವ ಲೆಕ್ಕ ಕಳೆದ ನೂರು ವರ್ಷಗಳ ಪರಿಸರ ವಿಜ್ಞಾನ ಕಟ್ಟಿದ ಅತ್ಯುತ್ತಮ ವಿಚಾರಗಳಲ್ಲಿ ಒಂದು ಎಂಬುದು ನನ್ನ ನಂಬಿಕೆ. ಅದನ್ನು ಅರಿಯಲು ಹೈಸ್ಕೂಲಿನ ಗಣಿತ ಸಾಕು.

ಮೊದಲು ಮೀನು ಹಿಡಿಯುವ ಬಗೆ. ಕೆಲಸಗಾರರು ಬೆನ್ನಿಗೆ ಬ್ಯಾಟರಿ ಪೆಟ್ಟಿಗೆ ಹೊತ್ತು, ತುದಿಯಲ್ಲಿ ಲೋಹದ ಬಳೆಯಿರುವ ಕೋಲನ್ನು ನೀರಿಗೆ ಅದ್ದುತ್ತ ಹೆಜ್ಜೆ ಹಾಕುತ್ತಾರೆ. ಹದವಾಗಿ ಹರಿಯುವ ವಿದ್ಯುತ್ತಿಗೆ ಸಿಲುಕಿದ ಮೀನಿನ ಸ್ನಾಯುಗಳು ತಾವಾಗಿಯೇ ಬಡಿದು ಅದನ್ನು ಆ ಬಳೆಯ ಕಡೆಗೆ ಈಜಿಸುತ್ತವೆ. ಕ್ಷಣಕಾಲ ಮಂಕಾದ ಮೀನನ್ನು ಕೈಬಲೆಯಲ್ಲಿ ಎತ್ತಿ ಬಕೆಟ್ಟಿಗೆ ಹಾಕುತ್ತಾರೆ. ಕರೆಂಟ್ ಕೊಟ್ಟು ಹೊಳೆಯ ಮೀನನ್ನೆಲ್ಲ ಕೊಲ್ಲುವ ನಮ್ಮಲ್ಲಿನ ಕೆಟ್ಟ ಚಾಳಿಗೂ ಇದಕ್ಕೂ ಯಾವ ನಂಟೂ ಇಲ್ಲ. ನೀರಿನ ಲವಣಾಂಶ ನೋಡಿ ವೋಲ್ಟೇಜ್ ಹೊಂದಿಸುತ್ತಾರೆ, ಮೀನು ಸ್ವಲ್ಪ ಹೊತ್ತಿನಲ್ಲೇ ಚೇತರಿಸಿಕೊಳ್ಳುತ್ತದೆ. ಆಮೇಲೆ ಅರಿವಳಿಕೆ ಕೊಟ್ಟು ಹೊಟ್ಟೆಯೊಳಗೆ ಗಾಜಿನ ಪುಟ್ಟ ಕೊಳವೆಯೊಂದನ್ನು ಸೇರಿಸುತ್ತಾರೆ. ಪಿಟ್ ಟ್ಯಾಗ್ ಎಂದು ಅದರ ಹೆಸರು. ಉದ್ದ 12 ಮಿಲಿಮೀಟರ್, ಅಕ್ಕಿಕಾಳಿನ ಗಾತ್ರ. ಒಳಗೆ ಬ್ಯಾಟರಿ ಇಲ್ಲ. ರೀಡರ್ ಹತ್ತಿರ ಹಿಡಿದಾಗ ಅದರ ಕಾಂತಕ್ಷೇತ್ರದಿಂದಲೇ ಶಕ್ತಿ ಪಡೆದು ತನ್ನ ನಂಬರನ್ನು ಹೇಳುತ್ತದೆ. ಹಾಗಾಗಿ ಮೀನಿನ ಆಯುಸ್ಸಿಡೀ ಅದು ಕೆಲಸ ಮಾಡುತ್ತಲೇ ಇರುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಅಂಕಿಗಳನ್ನು ವಿವರಣೆಗೆಂದು ನಾನೇ ಹಾಕಿಕೊಂಡಿದ್ದೇನೆ. ಜೂನ್‌ನಲ್ಲಿ 200 ಮೀನುಗಳಿಗೆ ಟ್ಯಾಗ್ ಹಾಕಿ ಬಿಟ್ಟೆವು. ಸೆಪ್ಟೆಂಬರಿನಲ್ಲಿ ಮತ್ತೆ ಇಳಿದಾಗ ಅವುಗಳಲ್ಲಿ 60 ಸಿಕ್ಕವು. ಉಳಿದ 140 ಸತ್ತವೆನ್ನೋಣವೇ? ಅವಸರ ಬೇಡ. ಮರುವರ್ಷ ಜೂನ್‌ನಲ್ಲಿ ಮತ್ತೊಮ್ಮೆ ಇಳಿದಾಗ ಮೊದಲಿನ ಗುಂಪಿನ 40 ಮೀನು ಸಿಕ್ಕವು. ಈ ನಲವತ್ತೂ ಮರುವರ್ಷ ಜೀವಂತ ಸಿಕ್ಕವಾದ್ದರಿಂದ ಸೆಪ್ಟೆಂಬರಿನಲ್ಲಿಯೂ ಬದುಕಿದ್ದವು, ಅದರಲ್ಲಿ ಸಂಶಯಕ್ಕೆ ಎಡೆಯೇ ಇಲ್ಲ. ಪುಸ್ತಕ ತೆರೆದು ನೋಡಿದರೆ, ಆ 40ರಲ್ಲಿ 24 ಮಾತ್ರ ಸೆಪ್ಟೆಂಬರಿನಲ್ಲಿ ನಮ್ಮ ಬಲೆಗೆ ಬಿದ್ದಿವೆ, 16 ತಪ್ಪಿಸಿಕೊಂಡಿವೆ. ಅಂದರೆ ಸೆಪ್ಟೆಂಬರಿನಲ್ಲಿ ಬದುಕಿದ್ದ ಮೀನುಗಳಲ್ಲಿ ನಮಗೆ ಸಿಕ್ಕ ಪಾಲು ಶೇ 60. ಆಗ ಸಿಕ್ಕ 60 ಮೀನು ಒಟ್ಟು ಬದುಕಿದ್ದವುಗಳ ಶೇ 60 ಆದರೆ, ಬದುಕಿದ್ದವು 100. ಬದುಕುಳಿದ ಪ್ರಮಾಣ 200ಕ್ಕೆ 100, ಅಂದರೆ ಅರ್ಧ. ಅವಸರದ ಲೆಕ್ಕ ಹೇಳಿದ್ದು ಶೇ 30.

ತಪ್ಪಿಸಿಕೊಂಡು ಆಮೇಲೆ ಸಿಕ್ಕ ಆ 16 ಮೀನುಗಳೇ ಇಡೀ ವಿಧಾನದ ಜೀವಾಳ. ಅವು ನಮ್ಮ ಬಲೆಯ ಸಾಮರ್ಥ್ಯವನ್ನು ನಮಗೇ ಅಳೆದುಕೊಡುತ್ತವೆ.

ಇದನ್ನು ಪೂರ್ತಿ ಗಣಿತದ ರೂಪಕ್ಕೆ ತಂದವರು ಮೂವರು. ರಿಚರ್ಡ್ ಕಾರ್ಮ್ಯಾಕ್ 1964ರಲ್ಲಿ, ಜಾರ್ಜ್ ಜಾಲಿ ಮತ್ತು ಜಾರ್ಜ್ ಸೀಬರ್ 1965ರಲ್ಲಿ ಬಯೋಮೆಟ್ರಿಕಾ ಪತ್ರಿಕೆಯಲ್ಲಿ ಬೇರೆ ಬೇರೆಯಾಗಿಯೇ ಪ್ರಕಟಿಸಿದರು. ಇವತ್ತಿಗೂ ಅದನ್ನು ಕಾರ್ಮ್ಯಾಕ್-ಜಾಲಿ-ಸೀಬರ್ ಮಾದರಿ ಎಂದೇ ಕರೆಯುತ್ತಾರೆ. ಕಾರ್ಮ್ಯಾಕ್‌ಗೆ ಪ್ರೇರಣೆಯಾದದ್ದು ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳ ಫುಲ್ಮಾರ್ ಎಂಬ ಕಡಲಹಕ್ಕಿಗಳು. ಹಕ್ಕಿಗಾಗಿ ಹುಟ್ಟಿದ ಲೆಕ್ಕ ಮೀನಿಗೂ ಹೊಂದಿತು, ಹುಲಿಗೂ ಹೊಂದಿತು. ನಮ್ಮ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಕ್ಯಾಮೆರಾ ಟ್ರ್ಯಾಪ್ ಇಟ್ಟು, ಮೈಮೇಲಿನ ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಗುರುತಿಸಿದರು. 1991ರಿಂದ 2000ದವರೆಗಿನ ದಾಖಲೆಯಲ್ಲಿ 74 ಹುಲಿಗಳಿದ್ದವು. ವರ್ಷದಿಂದ ವರ್ಷಕ್ಕೆ ಹುಲಿಯೊಂದು ಬದುಕುಳಿಯುವ ಸಂಭವನೀಯತೆ 0.77 ಎಂದು ಅಮೆರಿಕದ ಜೇಮ್ಸ್ ನಿಕೋಲ್ಸ್ ಮೊದಲಾದವರ ಜೊತೆ ಸೇರಿ 2006ರಲ್ಲಿ ಅವರು ಪ್ರಕಟಿಸಿದರು. ಪಟ್ಟೆ ಇರುವಲ್ಲಿ ಟ್ಯಾಗ್ ಬೇಡ, ಅಷ್ಟೇ ವ್ಯತ್ಯಾಸ. ಲೆಕ್ಕದ ಬೇರು ಒಂದೇ.

ಈ ವಿಧಾನಕ್ಕೆ ಒಂದು ಕಟ್ಟುಪಾಡಿದೆ. ಕೊನೆಯ ಭೇಟಿಯಲ್ಲಿ ಸಿಗದ ಮೀನಿನ ಬಗ್ಗೆ ಅದು ಏನನ್ನೂ ಹೇಳದು. ಸತ್ತಿತೋ ತಪ್ಪಿಸಿಕೊಂಡಿತೋ ತಿಳಿಯಲು ಇನ್ನೊಂದು ಭೇಟಿ ಬೇಕೇ ಬೇಕು. ಅದಕ್ಕೇ ಎರಡು ಮೂರು ವರ್ಷಕ್ಕೆ ಹಣ ಕೊಟ್ಟು ಕೈಬಿಡುವ ಯೋಜನೆಗಳು ವನ್ಯಜೀವಿ ಅಧ್ಯಯನಕ್ಕೆ ಮಾಡುವ ಹಾನಿ ದೊಡ್ಡದು. ಹತ್ತು ವರ್ಷದ ಸತತ ದಾಖಲೆಯ ಬೆಲೆ ಬಿಡಿಬಿಡಿಯಾದ ಐದು ಎರಡು-ವರ್ಷದ ದಾಖಲೆಗಳಿಗೆ ಎಂದೂ ಬಾರದು.

ಇನ್ನೊಂದು ತೊಡಕು ವಲಸೆ. ಸತ್ತ ಮೀನೂ ತೊರೆ ಬಿಟ್ಟುಹೋದ ಮೀನೂ ಮತ್ತೆಂದೂ ಬಲೆಗೆ ಬೀಳುವುದಿಲ್ಲ. ಆದ್ದರಿಂದ ಈ ಲೆಕ್ಕ ಕೊಡುವುದು ‘ಬದುಕಿದ್ದು, ಇಲ್ಲೇ ಉಳಿದ’ ಪ್ರಮಾಣವನ್ನು. ನಿಜವಾದ ಬದುಕುಳಿವು ಅದಕ್ಕಿಂತ ಹೆಚ್ಚಿರಬಹುದು. ವೆಸ್ಟ್ ಬ್ರುಕ್‌ನಲ್ಲಿ ಇದಕ್ಕೆ ಕಂಡುಕೊಂಡ ಉಪಾಯಗಳಲ್ಲಿ ಒಂದು, ಕೂಡುವ ಝರಿಗಳನ್ನೂ ಅಧ್ಯಯನಕ್ಕೆ ಸೇರಿಸಿಕೊಂಡದ್ದು. ಇನ್ನೊಂದು, ತೊರೆಗೆ ಅಡ್ಡಲಾಗಿ ಆಂಟೆನಾ ಹಾಯಿಸಿದ್ದು. ಟ್ಯಾಗ್ ಇರುವ ಮೀನು ಅದನ್ನು ದಾಟಿದರೆ ರಾತ್ರಿಯಾದರೂ ಸರಿ, ನಂಬರು ಮತ್ತು ವೇಳೆ ದಾಖಲಾಗುತ್ತದೆ. ಕೈಯಲ್ಲಿ ಹಿಡಿದು ನಡೆಯುವ ಆಂಟೆನಾಗಳೂ ಇವೆ. ಅವುಗಳಲ್ಲಿ ಬೇರೊಂದು ತಾಪತ್ರಯ: ಮೀನು ಸತ್ತು ಕೊಳೆತ ಮೇಲೂ ಅದರ ಟ್ಯಾಗ್ ಜಲ್ಲಿಯೊಳಗೆ ಉಳಿದು ನಂಬರು ಹೇಳುತ್ತಲೇ ಇರುತ್ತದೆ. ಅದನ್ನು ಬದುಕಿರುವ ಮೀನೆಂದು ಎಣಿಸಿದರೆ ಲೆಕ್ಕ ಕೆಟ್ಟಂತೆ. ಭೇಟಿಯಿಂದ ಭೇಟಿಗೆ ಜಾಗ ಕದಲದ ನಂಬರುಗಳನ್ನು ಅನುಮಾನದಿಂದ ನೋಡಬೇಕಾಗುತ್ತದೆ. ಅಮೆರಿಕದ ಕೊಲಂಬಿಯಾ ನದಿಯ ಅಳಿವೆಯ ದ್ವೀಪಗಳಲ್ಲಿ ಟರ್ನ್ ಹಕ್ಕಿಗಳು ಗೂಡುಕಟ್ಟುವ ಮರಳನ್ನು ಶೋಧಿಸಿ, ಅವು ತಿಂದ ಸಾಲ್ಮನ್ ಮತ್ತು ಸ್ಟೀಲ್‌ಹೆಡ್ ಟ್ರೌಟ್ ಮರಿಗಳ ಟ್ಯಾಗುಗಳನ್ನು ರಾಶಿಗಟ್ಟಲೆ ಪತ್ತೆಹಚ್ಚಿದ್ದಾರೆ. ಸಾವಿನ ಕಾರಣವೇ ನಂಬರಿನ ಸಮೇತ ಸಿಗುವುದು ಅಪರೂಪ.

ಇಷ್ಟು ಸೂಕ್ಷ್ಮವಾದ ವಿಧಾನವೂ ಟ್ರೌಟ್ ಬದುಕಿನ ಅತ್ಯಂತ ಕಠಿಣ ಘಟ್ಟವನ್ನು ಮುಟ್ಟಲಾರದು. 60 ಮಿಲಿಮೀಟರಿಗಿಂತ ಚಿಕ್ಕ ಮರಿಗೆ ಟ್ಯಾಗ್ ಹಾಕುವಂತಿಲ್ಲ. ಸಾವುಗಳ ಬಹುಪಾಲು ಆಗುವುದೋ ಅಲ್ಲಿಯೇ.

ಅದರ ಕಥೆ ತಿಳಿಯಲು ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟಿಗೆ ಹೋಗಬೇಕು. ಬ್ಲ್ಯಾಕ್ ಬ್ರೌಸ್ ಬೆಕ್ ಎಂಬ ಕಿರುತೊರೆಗೆ ಸಮುದ್ರದಿಂದ ಕಂದು ಟ್ರೌಟ್‌ಗಳು ಮೊಟ್ಟೆಯಿಡಲು ಹತ್ತಿಬರುತ್ತವೆ. ಮಾಲ್ಕಂ ಎಲಿಯಟ್ ಎಂಬ ವಿಜ್ಞಾನಿ ಅಲ್ಲಿ 1966ರಲ್ಲಿ ಆರಂಭಿಸಿದ ಎಣಿಕೆಯನ್ನು ಮೂವತ್ತಕ್ಕೂ ಹೆಚ್ಚು ವರ್ಷ ನಡೆಸಿದರು. ಹೆಣ್ಣು ಮೀನು ಬಾಲದಿಂದ ಜಲ್ಲಿಯನ್ನು ಕೆದರಿ ಗುಳಿ ಮಾಡಿ ಮೊಟ್ಟೆಯಿಟ್ಟು ಮತ್ತೆ ಜಲ್ಲಿ ಮುಚ್ಚುತ್ತದೆ. ಅಂಥ ಗುಳಿಗಳನ್ನೂ ತಾಯಿಮೀನಿನ ಗಾತ್ರವನ್ನೂ ನೋಡಿ ಒಟ್ಟು ಮೊಟ್ಟೆಗಳನ್ನು ಅಂದಾಜು ಮಾಡಿದರು. ವರ್ಷಕ್ಕೆ ಎರಡು ಬಾರಿ, ಬೇಸಿಗೆಯ ಆರಂಭದಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಮರಿಗಳನ್ನು ಎಣಿಸಿದರು. ಒಂದೊಂದು ಮೀನಿನ ಜಾಡು ಇಲ್ಲಿಲ್ಲ. ಒಂದೇ ವರ್ಷ ಹುಟ್ಟಿದ ಇಡೀ ಪೀಳಿಗೆಯನ್ನು ಹಂತ ಹಂತವಾಗಿ ಹಿಂಬಾಲಿಸಿದ ಲೆಕ್ಕವಿದು.

ಅವರು ಕಂಡದ್ದು ಹೀಗೆ. ಹೊಟ್ಟೆಯಡಿಯ ಬಂಡಾರದ ಚೀಲ ಕರಗುವ ಹೊತ್ತಿಗೆ ಮರಿ ಜಲ್ಲಿಯಿಂದ ಮೇಲೆ ಬರುತ್ತದೆ. ಬಂದೊಡನೆ ಅದಕ್ಕೆ ತನ್ನದೇ ಒಂದು ಜಾಗ ಬೇಕು: ನೀರಿನ ಸೆಳವು ತೀರ ಹೆಚ್ಚಿರಬಾರದು, ತೇಲಿಬರುವ ಹುಳು ಕಣ್ಣಿಗೆ ಬೀಳಬೇಕು, ಪಕ್ಕದ ಮರಿ ಕಾಣದಂತೆ ಕಲ್ಲೊಂದು ಮರೆಯಾಗಿರಬೇಕು. ಜಾಗ ಸಿಕ್ಕ ಮರಿ ಅದನ್ನು ಕಾದಾಡಿ ಉಳಿಸಿಕೊಳ್ಳುತ್ತದೆ. ಸಿಗದ ಮರಿ ಕೆಳಕ್ಕೆ ತೇಲಿಹೋಗುತ್ತದೆ. ಹಾಗೆ ತೇಲಿಹೋಗುತ್ತಿದ್ದ ಮರಿಗಳಲ್ಲಿ ಬಹುಪಾಲು ಏನನ್ನೂ ತಿನ್ನದೆ ಸಾವಿನ ಅಂಚಿನಲ್ಲಿದ್ದವು ಎಂಬುದು ಎಲಿಯಟ್‌ರ ಗಮನಕ್ಕೆ ಬಂತು. ಹೊರಬಂದ ಮೊದಲ ಕೆಲವು ವಾರಗಳ ಈ ಸಂಕಷ್ಟದ ಅವಧಿಯೇ ಪೀಳಿಗೆಯ ಹಣೆಬರಹವನ್ನು ಬಹುಮಟ್ಟಿಗೆ ನಿರ್ಧರಿಸಿಬಿಡುತ್ತದೆ. ಮೊಟ್ಟೆ ಹೆಚ್ಚಿದಷ್ಟೂ ಸಾವಿನ ಪ್ರಮಾಣವೂ ಏರುತ್ತದೆ. ಒಂದು ಮಿತಿಯಾಚೆಗೆ, ಹೆಚ್ಚು ಮೊಟ್ಟೆಯಿಟ್ಟ ವರ್ಷ ಕಡಿಮೆ ಮರಿ ಉಳಿಯುವುದೂ ಉಂಟು. ಹತ್ತಿರದ ವಿಲ್ಫಿನ್ ಬೆಕ್‌ನಲ್ಲಿ ಮೊದಲಿಗೇ ಮೀನು ವಿರಳ. ಅಲ್ಲಿ ಈ ಪೈಪೋಟಿಯ ಸುಳಿವೇ ಇರಲಿಲ್ಲ, ಸಾವು ಬೇರೆ ಕಾರಣಗಳಿಂದ ಬರುತ್ತಿತ್ತು. ಒಂದು ತೊರೆಯ ನಿಯಮ ಪಕ್ಕದ ತೊರೆಗೆ ಹೊಂದುವುದಿಲ್ಲ ಎಂಬುದನ್ನು ಎಲಿಯಟ್ ತೋರಿಸಿಕೊಟ್ಟದ್ದು ನನಗೆ ಆ ನಿಯಮದಷ್ಟೇ ಮುಖ್ಯವೆನಿಸುತ್ತದೆ.

ಈ ಜ್ಞಾನದ ಎದುರು, ಮೀನು ಕಡಿಮೆಯಾಯಿತೆಂದು ಫಾರಮ್ಮಿನಲ್ಲಿ ಬೆಳೆಸಿದ ಮೀನು ತಂದು ಸುರಿಯುವ ಅಭ್ಯಾಸವನ್ನಿಟ್ಟು ನೋಡಿ. ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ದಶಕಗಳ ಕಾಲ ನಡೆದದ್ದು ಇದೇ. ಅರವತ್ತರ ದಶಕದ ಕೊನೆಯಲ್ಲಿ ಡಿಕ್ ವಿನ್ಸೆಂಟ್ ಎಂಬ ಯುವ ಜೀವವಿಜ್ಞಾನಿ ಮ್ಯಾಡಿಸನ್ ನದಿಯಲ್ಲಿ ಗುರುತು ಹಾಕಿ ಮರುಹಿಡಿಯುವ ವಿಧಾನದಿಂದ ಎಣಿಸತೊಡಗಿದರು. ಸಾಕಿದ ಮೀನು ಬಿಡುವುದನ್ನು ನಿಲ್ಲಿಸಿದ ಭಾಗದಲ್ಲಿ ಕಾಡು ಟ್ರೌಟ್ ಹೆಚ್ಚಿದವು. ಹೊಸದಾಗಿ ಬಿಡಲು ಶುರುಮಾಡಿದ ಓಡೆಲ್ ಕ್ರೀಕ್‌ನಲ್ಲಿ ಕಡಿಮೆಯಾದವು. ಗಾಳ ಹಾಕುವವರೂ ವ್ಯಾಪಾರಸ್ಥರೂ ಗಟ್ಟಿಯಾಗಿ ವಿರೋಧಿಸಿದರು. ಆದರೂ 1974ರಲ್ಲಿ ಮೊಂಟಾನಾ, ಕಾಡು ಟ್ರೌಟ್ ತಾವಾಗಿಯೇ ಬದುಕಬಲ್ಲ ನದಿಗಳಿಗೆ ಸಾಕಿದ ಮೀನು ಬಿಡುವುದನ್ನು ಕೈಬಿಟ್ಟಿತು. ಎಷ್ಟು ಮೀನು ಬಿಟ್ಟೆವು ಎಂಬ ಅಂಕಿ ಕೊಟ್ಟು ಸಾಧನೆ ಎನ್ನುವ ಇಲಾಖೆಗಳು ಎಲ್ಲ ದೇಶದಲ್ಲೂ ಇವೆ. ಬಿಟ್ಟದ್ದರಲ್ಲಿ ಎಷ್ಟು ಉಳಿದವು, ಇದ್ದವುಗಳಿಗೆ ಏನಾಯಿತು ಎಂದು ಕೇಳಿ, ಉತ್ತರಕ್ಕೆ ತಕ್ಕಂತೆ ನಡೆದುಕೊಂಡ ಇಲಾಖೆ ಗೌರವಕ್ಕೆ ಅರ್ಹ.

ಬದುಕುಳಿವಿನ ಲೆಕ್ಕ ಋತುಗಳ ಬಗ್ಗೆಯೂ ನಮ್ಮ ತಿಳಿವಳಿಕೆಯನ್ನು ತಿದ್ದುತ್ತದೆ. ದೊಡ್ಡ ಮೀನು ಗಟ್ಟಿ, ಚಿಕ್ಕದು ಬಲಹೀನ ಎಂದು ಯಾರಿಗಾದರೂ ತೋರುತ್ತದೆ. ವೆಸ್ಟ್ ಬ್ರುಕ್‌ನ ದಾಖಲೆ ಬೇರೆಯದನ್ನೇ ಹೇಳಿತು. ಬೇಸಿಗೆಯಲ್ಲಿ ನೀರು ಬತ್ತಿ ಬಿಸಿಯೇರಿದಾಗ ಹೆಚ್ಚು ಪೆಟ್ಟು ತಿನ್ನುವುದು ದೊಡ್ಡ ಮೀನುಗಳೇ. ಅವಕ್ಕೆ ಆಳದ ಮಡು ಬೇಕು, ಹೆಚ್ಚು ಆಹಾರ ಬೇಕು, ಹೆಚ್ಚು ಆಮ್ಲಜನಕ ಬೇಕು. ಮೂರೂ ಒಟ್ಟಿಗೇ ಕಡಿಮೆಯಾಗುವ ಕಾಲವದು. ಮೊಟ್ಟೆ ಮರಿಗಳ ಶತ್ರು ಪ್ರವಾಹ. ಕ್ಯಾಲಿಫೋರ್ನಿಯಾದ ಸೇಜ್‌ಹೆನ್ ಕ್ರೀಕ್‌ನಲ್ಲಿ ಐವತ್ತರ ದಶಕದಲ್ಲಿ ನಡೆದ ಎಣಿಕೆಯಲ್ಲಿ ಇದು ಸ್ಪಷ್ಟವಾಗಿ ಕಂಡಿತು. ಶರತ್ಕಾಲದಲ್ಲಿ ಮೊಟ್ಟೆಯಿಡುವ ಬ್ರುಕ್ ಟ್ರೌಟ್‌ನ ಮೊಟ್ಟೆಗಳನ್ನು ಚಳಿಗಾಲದ ಪ್ರವಾಹ ಕೊಚ್ಚಿದರೆ ಮುಂದೆ ರೇನ್‌ಬೋ ಟ್ರೌಟ್ ಹೆಚ್ಚಿತು. ವಸಂತದಲ್ಲಿ ಮೊಟ್ಟೆಯಿಡುವ ರೇನ್‌ಬೋವನ್ನು ವಸಂತದ ಪ್ರವಾಹ ಕೊಚ್ಚಿದರೆ ಬ್ರುಕ್ ಟ್ರೌಟ್ ಹೆಚ್ಚಿತು. ಮಳೆಯ ಮೊತ್ತಕ್ಕಿಂತ ಅದು ಸುರಿದ ತಿಂಗಳು ಮುಖ್ಯ. ಹವಾಮಾನ ಬದಲಾಗುತ್ತಿರುವ ಈ ದಿನಗಳಲ್ಲಿ ವಾರ್ಷಿಕ ಸರಾಸರಿ ಮಳೆಯ ಅಂಕಿ ಹಿಡಿದು ಜಲಚರಗಳ ಭವಿಷ್ಯ ಹೇಳುವವರು ಇದನ್ನು ಗಮನಿಸಬೇಕು.

ಪ್ರವಾಹದ ಇನ್ನೊಂದು ಮುಖ ಸ್ಲೊವೇನಿಯಾದಲ್ಲಿದೆ. ಸೋಚಾ ನದಿಯ ಕಣಿವೆಗೆ ಸೇರಿದ ಮಾರ್ಬಲ್ ಟ್ರೌಟ್ ಮೈಯೆಲ್ಲ ಅಮೃತಶಿಲೆಯ ಗೆರೆಗಳಂಥ ಬಣ್ಣವುಳ್ಳ ಮೀನು. ಹೊರಗಿನಿಂದ ತಂದುಬಿಟ್ಟ ಕಂದು ಟ್ರೌಟ್‌ನೊಂದಿಗೆ ಬೆರಕೆಯಾಗುತ್ತ ಹೋಗಿ, ಶುದ್ಧ ತಳಿ ಜಲಪಾತಗಳ ಮೇಲಿನ ಕೆಲವೇ ತೊರೆಗಳಲ್ಲಿ ಉಳಿಯಿತು. 1993ರಿಂದ ಫ್ರಾನ್ಸಿನ ಅಲೇನ್ ಕ್ರಿವೆಲ್ಲಿ ಮತ್ತು ಟೋಲ್ಮಿನ್ ಊರಿನ ಗಾಳಗಾರರ ಸಂಘ ಸೇರಿ ಈ ಮೀನುಗಳಿಗೆ ಟ್ಯಾಗ್ ಹಾಕಿ ಹಿಂಬಾಲಿಸಿದರು. 1996ರಲ್ಲಿ ಜಾಕೊಯ್ಸ್ಕಾ ಮತ್ತು ಗೋರ್ಸ್ಕಾ ಎಂಬ ತೊರೆಗಳಲ್ಲಿ ಹೊಸದಾಗಿ ನೆಲೆ ಮಾಡಿಕೊಟ್ಟರು. 2000ದ ನವೆಂಬರಿನಲ್ಲಿ ಲೋಗ್ ಪೋದ್ ಮಾಂಗರ್ತೊಂ ಊರಿನ ಮೇಲೆ ಉರುಳಿದ ಮಣ್ಣುಕಲ್ಲಿನ ಪ್ರವಾಹ ಏಳು ಜನರ ಜೀವ ತೆಗೆಯಿತು. ಪ್ರೆದೆಲಿತ್ಸಾ ತೊರೆಯ ಶುದ್ಧ ಮಾರ್ಬಲ್ ಟ್ರೌಟ್‌ಗಳೂ ಅದರೊಂದಿಗೆ ನಾಮಾವಶೇಷವಾದವು. 2007ರ ಹಠಾತ್ ಪ್ರವಾಹ ಜಾಕೊಯ್ಸ್ಕಾವನ್ನು ಬಹುತೇಕ ಬರಿದುಮಾಡಿತು.

ಆದರೆ ಪ್ರವಾಹಕ್ಕೆ ಸಿಕ್ಕೂ ಮೀನು ಅಳಿಯದ ತೊರೆಗಳಲ್ಲಿ ಆಮೇಲೆ ಮೊದಲು ಹುಟ್ಟಿದ ಪೀಳಿಗೆಯ ಮರಿಗಳ ಬದುಕುಳಿವು ಎಂದಿಗಿಂತ ಹೆಚ್ಚಿತ್ತು. ಅಳಿದುಳಿದ ಕೆಲವೇ ತಾಯ್ತಂದೆಯರ ಮಕ್ಕಳು ತೊರೆಯನ್ನು ಮತ್ತೆ ತುಂಬಿದವು. ಎಲಿಯಟ್ ಕಂಡ ಜಾಗದ ಪೈಪೋಟಿ ಇಲ್ಲಿ ಸಡಿಲವಾದದ್ದು ಇದಕ್ಕೆ ಕಾರಣವಿರಬೇಕು ಎಂದು ನನಗೆ ತೋರುತ್ತದೆ. ಇದಕ್ಕೆ ತೆತ್ತ ಬೆಲೆಯೂ ಇದೆ. ತೀರ ಕೆಲವೇ ಮೀನುಗಳಿಂದ ಎದ್ದ ಸಂತತಿಯ ವಂಶವಾಹಿ ವೈವಿಧ್ಯ ಇನ್ನಷ್ಟು ಕುಗ್ಗಿತು. ತಲೆ ಎಣಿಸಿದವರಿಗೆ ಕಾಣುವುದು ಚೇತರಿಕೆ ಮಾತ್ರ.

ತೊರೆಗಳನ್ನು ತುಂಡರಿಸುವ ರಸ್ತೆ ಮೋರಿಗಳ ವಿಷಯದಲ್ಲಿ ವೆಸ್ಟ್ ಬ್ರುಕ್ ತಂಡ 2007ರಲ್ಲಿ ಪ್ರಕಟಿಸಿದ ಲೆಕ್ಕವನ್ನು ಎಂಜಿನಿಯರುಗಳು ಓದಲೇಬೇಕು. ಮೋರಿಯ ಕೊಳವೆ ನೀರಿನ ಮಟ್ಟಕ್ಕಿಂತ ಮೇಲಿದ್ದರೆ ಮೀನು ಹತ್ತಲಾರದು. ಕೆಳಗೆ ಇಳಿದದ್ದು ಮತ್ತೆ ಮೇಲೆ ಬಾರದು. ಝರಿಗಳಿಗೆ ಇಂಥ ತಡೆ ಹಾಕಿದರೆ 2ರಿಂದ 6 ತಲೆಮಾರುಗಳಲ್ಲಿ ಅಲ್ಲಿನ ಟ್ರೌಟ್ ಇಲ್ಲವಾಗುತ್ತವೆ ಎಂದು ಅವರ ಮಾದರಿ ತೋರಿಸಿತು. ಹಾಗಾದರೆ ಜಲಪಾತದ ಮೇಲೆ ನಿಸರ್ಗವೇ ಪ್ರತ್ಯೇಕಿಸಿದ ಝರಿಯಲ್ಲಿ ಮೀನು ಉಳಿದದ್ದು ಹೇಗೆ? ಅಲ್ಲಿ ಎಳೆಯ ಮರಿಗಳ ಬದುಕುಳಿವು ಹೆಚ್ಚು. ಅನೇಕ ಪೀಳಿಗೆಗಳಲ್ಲಿ ಕೂಡಿಬಂದ ಆ ಹೊಂದಾಣಿಕೆ ನಿನ್ನೆ ಹಾಕಿದ ಮೋರಿಯ ಮೇಲಿನ ಮೀನಿಗೆ ರಾತ್ರೋರಾತ್ರಿ ಬರುವುದಿಲ್ಲ.

ಇನ್ನು ನಮ್ಮ ನದಿಗಳ ಕಡೆಗೆ ಬರೋಣ. ಕಾವೇರಿಗೆ ಟ್ರೌಟ್ ಸಹಜವಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಎಚ್. ಸಿ. ವಿಲ್ಸನ್ ನೀಲಗಿರಿಯ ಅವಲಾಂಚಿಯಲ್ಲಿ ರೇನ್‌ಬೋ ಟ್ರೌಟ್ ಮರಿ ಮಾಡಿಸಿ ಅಲ್ಲಿನ ಎತ್ತರದ ತೊರೆಗಳಿಗೆ ಬಿಟ್ಟರು. ಕಾವೇರಿಯ ಸ್ವಂತ ಸಂಪತ್ತು ಮಹಶೀರ್, ತೀರದವರ ಬಿಳಿಮೀನು. ಅದರಲ್ಲೂ ಬೆನ್ನು ಉಬ್ಬಿದ ಟಾರ್ ರೆಮಾದೇವಿ ಎಂಬ ಪ್ರಭೇದ ಈ ನದಿಯ ಜಾಲವನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 2018ರಲ್ಲಿ ಅದನ್ನು ಅಳಿವಿನ ತೀವ್ರ ಭೀತಿಯ ಪಟ್ಟಿಗೆ ಸೇರಿಸಲಾಯಿತು. ಕಾವೇರಿ ತೀರದ ಗಾಲಿಬೋರೆಯಲ್ಲಿ ಮೀನು ಹಿಡಿದು ಬಿಡುತ್ತಿದ್ದ ಗಾಳಗಾರರು 1998ರಿಂದ 2012ರವರೆಗೆ ಬರೆದಿಟ್ಟ ಪುಸ್ತಕಗಳನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಸಂಗಡಿಗರು ಪರಿಶೀಲಿಸಿದರು. ಹೊರಗಿನಿಂದ ತಂದುಬಿಟ್ಟ ನೀಲಿರೆಕ್ಕೆಯ ಮಹಶೀರ್ ಹೆಚ್ಚುತ್ತ ಹೋಗಿತ್ತು. ಉಬ್ಬುಬೆನ್ನಿನದು ಸಿಗುವುದು ಕಡಿಮೆಯಾಗುತ್ತ, ಸಿಕ್ಕ ಮೀನಿನ ಸರಾಸರಿ ತೂಕ ಏರುತ್ತ ಹೋಗಿತ್ತು.

ತೂಕ ಏರಿತೆಂದು ಸಂತೋಷಪಡುವಂತಿಲ್ಲ. ಹಳೆಯ ಮೀನುಗಳು ಬೆಳೆಯುತ್ತಿವೆ, ಹೊಸ ಪೀಳಿಗೆ ಬಂದು ಸೇರುತ್ತಿಲ್ಲ ಎಂಬುದರ ಗುರುತು ಅದು. ಆ ಪೀಳಿಗೆ ಎಲ್ಲಿ ಕಡಿದುಹೋಗುತ್ತಿದೆ? ಅಣೆಕಟ್ಟೆಯಿಂದ ಏರಿಳಿಯುವ ನೀರಿನಲ್ಲಿ ಮೊಟ್ಟೆಯೇ ಒಡೆಯದೆ ಉಳಿಯುತ್ತಿದೆಯೇ, ಹುಟ್ಟಿದ ಮರಿ ಪರಕೀಯ ಮೀನಿನ ಪೈಪೋಟಿಯಲ್ಲಿ ಸೋಲುತ್ತಿದೆಯೇ, ಇಲ್ಲ ಬಲಿಯುವ ಮೊದಲೇ ಡೈನಮೈಟಿಗೆ ಬಲಿಯಾಗುತ್ತಿದೆಯೇ? ಗಾಳದ ಪುಸ್ತಕದಲ್ಲಿ ಮೀನಿಗೆ ನಂಬರಿಲ್ಲ, ಅದಕ್ಕೇ ಅದು ಈ ಮೂರರಲ್ಲಿ ಒಂದನ್ನು ಆರಿಸಿ ಹೇಳಲಾರದು. ಬಂಡೀಪುರದ ಅಂಚಿನಲ್ಲಿ ಹರಿಯುವ ಮೋಯಾರಿನಲ್ಲಿ ಈ ಪ್ರಭೇದ ಇನ್ನೂ ಇದೆ. ಅಲ್ಲಿ ಹಿಡಿದು ಬಿಡುವ ಪ್ರತಿ ಉಬ್ಬುಬೆನ್ನಿನ ಮಹಶೀರಿಗೂ ಅಕ್ಕಿಕಾಳಿನ ಗಾತ್ರದ ಆ ಟ್ಯಾಗ್ ಹಾಕಿ, ಕರ್ನಾಟಕ ಮತ್ತು ತಮಿಳುನಾಡಿನ ಅರಣ್ಯ ಇಲಾಖೆಗಳು ಒಂದೇ ದಾಖಲೆ ಪುಸ್ತಕ ಇಟ್ಟುಕೊಂಡು, ಕನಿಷ್ಠ ಹತ್ತು ವರ್ಷ ಬಿಡದೆ ನಡೆಸಿದರೆ ಬಲಿತ ಮೀನಿನ ಬದುಕುಳಿವು ಎಷ್ಟೆಂದು ತಿಳಿಯುತ್ತದೆ. ಎಲಿಯಟ್ ಮಾಡಿದಂತೆ ಮೊಟ್ಟೆಯಿಡುವ ತಾಣಗಳಲ್ಲಿ ಮರಿಗಳ ಎಣಿಕೆಯನ್ನೂ ಜೊತೆಗಿಟ್ಟುಕೊಂಡರೆ ಪೀಳಿಗೆ ಕಡಿದುಹೋಗುವ ಹಂತವೂ ಕಾಣುತ್ತದೆ. ಆಗ ಅಣೆಕಟ್ಟೆಯ ನೀರು ಬಿಡುವ ವೇಳಾಪಟ್ಟಿಯನ್ನು ಬದಲಿಸಬೇಕೋ, ಕಾವಲು ಹೆಚ್ಚಿಸಬೇಕೋ, ನೀಲಿರೆಕ್ಕೆಯ ಮಹಶೀರ್ ಬಿಡುವುದನ್ನು ನಿಲ್ಲಿಸಬೇಕೋ ಎಂಬ ಚರ್ಚೆಗೆ ಆಧಾರ ಸಿಗುತ್ತದೆ.